ಕೌದಿ ಹೊಲಿಯಾಕಿ ಹೆಸರೇನು?

ಹೋದ ದೀಪಾವಳಿಗೆ ಮನಿ ಸುಣ್ಣ ಹಚ್ಚಸಾಕ ಅಂತ ಅಟ್ಟದ ಮ್ಯಾಲಿನ ಟ್ರಂಕು ಕೆಳಗ ಇಳಿಸಿದ್ವಿ. ಅದ್ರಾಗ ಅವ್ವನ ಸೀರಿ ಆರು ಸಿಕ್ಕವು. ಅವ್ವ ಹೋಗಿ ನಾಕು ವರ್ಷ ಆತು. ಎಲ್ಲಾ ನೂಲಿನ ಸೀರಿ, ಒಗದು ಒಗದು ಮೆತ್ತಗ ಆಗ್ಯಾವ, ನಡುವ ಅಲ್ಲಲ್ಲಿ ಪಿಸದಾವ. ಉಡಾಕ ಬರಂಗಿಲ್ಲ, ಯಾರಿಗರ ಕೊಡೋಣಂದ್ರ ಹರಕ ಸೀರಿ ಕೊಟ್ಲು ಅಂತಾರ, ಒಗಿಯಾಕಂತೂ ಮನಸ ಇಲ್ಲ. ಮೂಗಿಗೆ ಹಿಡಿದ್ರ ಇನ್ನೂ ಅವ್ವನ ವಾಸನಿ ಬಂದಂಗ ಆತು. ಟ್ರಂಕಿನಾಗಿನ ಡಾಂಬರಗುಳಿಗಿ ವಾಸನಿ ಇರಬೇಕು, ಆದ್ರ ನನಗ ಅವ್ವನ ವಾಸನಿನ.

ಅವಾಗ ನೆನಪಾಗಿದ್ದು ಕೌದಿ.

ಬಳ್ಳಾರಿಯಂಥ ಊರಾಗ ಕೌದಿ ಯಾಕಬೇಕು, ನಮ್ಮಲ್ಲಿ ಇರೋದ ಎರಡು ಕಾಲ, ಬ್ಯಾಸಗಿ ಮತ್ತ ಕಡು ಬ್ಯಾಸಗಿ ಅಂತ ನಗಬ್ಯಾಡ್ರಿ. ಕೌದಿ ಹೊದಿಯಾಕಷ್ಟ ಅಲ್ಲ, ಹಾಸಾಕ. ಕುರುಗೋಡಿನ ನಮ್ಮ ತವರಮನ್ಯಾಗ ಬ್ಯಾಸಗಿ ರಾತ್ರಿ ಮಾಳಗಿ ಮ್ಯಾಲ ನೀರು ಹೊಡದು, ಕಾವು ಇಳದ ಮ್ಯಾಲ ಚಾಪಿ, ಚಾಪಿ ಮ್ಯಾಲ ಕೌದಿ ಹಾಸಿ ಎಂಟ ಮಂದಿ ಮೊಮ್ಮಕ್ಕಳು ಸಾಲಾಗಿ ಮಲಗ್ತಿದ್ವಿ. ನೂಲಿನ ಬಟ್ಟಿ ಬೆವರು ಕುಡೀತದ, ಬೆನ್ನಿಗೆ ತಂಪ. ಯಾವ ಚೌಕದಾಗ ಯಾರ ಸೀರಿ ಅಂತ ಅಜ್ಜಿ ಬೆರಳ ಇಟ್ಟು ಹೇಳ್ತಿದ್ಲು. ಇದು ನಿಮ್ಮ ದೊಡ್ಡಮ್ಮನ ಮದಿವಿ ಸೀರಿ, ಇದು ನಿಮ್ಮಜ್ಜನ ಧೋತರ, ಇದು ನೀ ಹುಟ್ಟಿದಾಗ ಸುತ್ತಿದ ಅರಬಿ. ಕೊನೀ ಹೊಲಿಗಿ ಹಾಕೂಕಿಂತ ಮೊದ್ಲು ನಡುವ ಒಂದು ರೊಟ್ಟಿ ತುಂಡು ಇಟ್ಟು ಹೊಲೀತಿದ್ಲು. ಕೌದಿ ಹೊಟ್ಟಿ ತುಂಬಿದ್ರ ಅದನ್ನ ಹೊದ್ದವರ ಹೊಟ್ಟಿನೂ ತುಂಬತದ ಅಂತಿದ್ಲು.

ಅಜ್ಜಿ ಹೊಲಿದಿದ್ದನ್ನ ಕಲಿಯೋ ವಯಸ್ಸಿನಾಗ ನಾ ಕಲೀಲಿಲ್ಲ. ಹಂಗಾಗಿ ಸಿರುಗುಪ್ಪದಾಗಿರೋ ನಮ್ಮ ಚಿಕ್ಕಮ್ಮಗ ಫೋನ್ ಹಚ್ಚಿದೆ. ಅವರ ಓಣ್ಯಾಗ ಒಬ್ಬಾಕಿ ಚೊಲೋ ಹೊಲೀತಾಳ ಅಂದ್ರು. ಆಕಿ ಸಸಿ ಹಚ್ಚೋ ಕಾಲಕ್ಕ ಗದ್ದಿಗೆ ಹೋಗ್ತಾಳ, ಕೆಲಸ ಇಲ್ಲದಾಗ ಕೌದಿ ಹೊಲೀತಾಳ. ಸೀರಿ ಗಂಟು ಕಟಗೊಂಡು ಬಸ್ಸಿಗೆ ಹೋದೆ. ಹೊಲಿಗಿ ಕೂಲಿ 1500 ರೂಪಾಯಿ ಅಂದ್ಲು. ನಾನು ಏನ ಮಾಡಿದೆ ಅಂತ ನಿಮಗ ಗೊತ್ತ ಐತಿ, ಯಾಕಂದ್ರ ನೀವೂ ಅದನ್ನ ಮಾಡ್ತೀರಿ. "ಅಯ್ಯ, ಬಟ್ಟಿ ನಂದು, ದಾರ ನಂದು, ಬರೇ ಹೊಲಿಯಾಕ 1500 ಏನ?" ಅಂದೆ. 800ಕ್ಕ ಕೇಳಿದೆ. ಎದ್ದು ಹೊಂಟಂಗ ಮಾಡಿದೆ. ಕಡೀಕ 900ಕ್ಕ ಆತು. ಚಿಕ್ಕಮ್ಮ "ಭಾಳ ಶಾಣ್ಯಾಕಿ ನೀನು" ಅಂದ್ಲು. ನನಗೂ ಹಂಗ ಅನಸ್ತು.

ಅದ ವಾರ ಬಳ್ಳಾರಿಯಾಗ ಒಂದು ದೊಡ್ಡ ಅಂಗಡ್ಯಾಗ ಮಗನ ಹಾಸ್ಟೆಲ್ಲಿಗೆ ಅಂತ ಮಷೀನಿನ ದುಪ್ಪಡಿ ತಗೊಂಡೆ. 2800 ರೂಪಾಯಿ. ಚೀಟ್ಯಾಗ ಬರದಿತ್ತು, ಕಾರ್ಡ್ ಕೊಟ್ಟೆ, ಬಂದೆ. ಎದ್ದು ಹೊಂಟಂಗ ಮಾಡಲಿಲ್ಲ. ಅಲ್ಲಿ ಯಾರಿಗೆ ಚೌಕಾಸಿ ಮಾಡ್ಬೇಕು, ಏಸಿಗೇನು?

ಕೌದಿ ತರಾಕ ಹೋದಾಗ ಕೇಳಿದೆ, "ಎಷ್ಟ ದಿನ ಹಿಡೀತು?" ಅಂತ. 19 ದಿನ ಅಂದ್ಲು. ದಿನಾ ಮಧ್ಯಾಹ್ನ ಊಟ ಆದ ಮ್ಯಾಲ ಕುಂತ್ರ ಬೆಳಕು ಹೋಗೋತನ, ನಾಕು ತಾಸು. ಮೊದ್ಲ ಅಂಚಿನಿಂದ ಚಾಲೂ ಮಾಡಿ, ಸುತ್ತ ಸುತ್ತ ಬಂದು, ನಡುವ ಮುಗಸ್ಬೇಕು. ಅಡ್ಡಾದಿಡ್ಡಿ ಹೊಲದ್ರ ಒಳಗಿನ ಪದರು ಮುದ್ದಿ ಆಗಿ ಒಂದ ಕಡಿ ಕುಂದ್ರತಾವ. ಬೆರಳ ತುದಿಯಾಗ ಸೂಜಿ ಚುಚ್ಚಿ ಚುಚ್ಚಿ ಕರೀ ಚುಕ್ಕಿ. ಕೌದಿ ಬಿಡಿಸಿ ತೋರಿಸಿ ಅಂದ್ಲು, "ಅಕ್ಕಾರ, ಇವು ನಿಮ್ಮವ್ವನ ಸೀರಿ ಅಂದಿದ್ರೆಲ್ಲ, ಸೆರಗು ಚೊಲೋ ಇದ್ವು. ಅವನ್ನ ಕತ್ರಿಸದಂಗ ನಡುವ ಇಟ್ಟೀನಿ. ಕೈ ಆಡಿಸಿದ್ರ ಸೆರಗು ಸಿಗಬೇಕು."

ನಾ ಅದನ್ನ ಹೇಳಿರಲಿಲ್ಲ ನೋಡ್ರಿ. ಆಕಿನ ಯೋಚನಿ ಮಾಡಿದ್ಲು. ನಾ 600 ರೂಪಾಯಿ ಉಳಸೋದು ಯೋಚನಿ ಮಾಡಿದ್ದೆ.

ಬಸ್ಸಿನಾಗ ಕುಂತು ಲೆಕ್ಕ ಹಾಕಿದೆ. 19 ದಿನ, ದಿನಕ್ಕ ನಾಕು ತಾಸು, ಅಂದ್ರ 76 ತಾಸು. 900 ರೂಪಾಯಿಗೆ ತಾಸಿಗೆ 12 ರೂಪಾಯಿನೂ ಬೀಳಂಗಿಲ್ಲ. ಬಳ್ಳಾರಿಯಾಗ ಒಂದು ಪ್ಲೇಟು ಉಗ್ಗಾಣಿ ಮಿರ್ಚಿ ಅದಕ್ಕಿಂತ ಜಾಸ್ತಿ. ಆಕಿ ಕೇಳಿದ 1500 ಕೊಟ್ಟಿದ್ರೂ ತಾಸಿಗೆ 20 ಮುಟ್ಟತಿರಲಿಲ್ಲ. ಮನಿಗೆ ಬಂದು ಫೋನ್ ಮಾಡೋಣಂತ ನಂಬರ್ ಹುಡುಕಿದೆ. "ಕೌದಿ ಸಿರುಗುಪ್ಪ" ಅಂತ ಸೇವ್ ಮಾಡಿದ್ದೆ. ಒಂದ ತಿಂಗಳು ಆಕಿ ಜೋಡಿ ಮಾತಾಡೀನಿ, ಅವ್ವನ ಸೀರಿ ಆಕಿ ಕೈಯಾಗ ಕೊಟ್ಟೀನಿ, ಆಕಿ ಹೆಸರು ಕೇಳಿಲ್ಲ.

ಇದನ್ನ ನಿಮ್ಮ ಮುಂದ ಯಾಕ ಹೇಳ್ತೀನಿ ಅಂದ್ರ, ಇದು ನನ್ನೊಬ್ಬಾಕಿ ತಪ್ಪಲ್ಲ ಅಂತ ನನಗ ಅನಸ್ತದ. ಕೌದಿ ಅನ್ನೋದು ಯಾವತ್ತೂ ಮಾರೋ ಸಾಮಾನು ಆಗಿರಲಿಲ್ಲ. ಅಜ್ಜಿ ಹೊಲಿದ್ಲು, ಅತ್ತಿ ಹೊಲಿದ್ಲು, ಅದು "ಬಿಡುವಿನ ಕೆಲಸ". ಹಪ್ಪಳ, ಶಂಡಿಗಿ, ಶಾವಿಗಿ ಇದ್ದಂಗ. ನಾವು ಮನ್ಯಾಗ ಮಾಡೋ ಕೆಲಸಕ್ಕ ಯಾರೂ ತಾಸಿನ ಲೆಕ್ಕ ಹಾಕಿಲ್ಲ, ನಾವೂ ಹಾಕಿಲ್ಲ. ಹಂಗಾಗಿ ಅದ ಕೆಲಸವನ್ನ ಇನ್ನೊಬ್ಬಾಕಿ ನಮಗ ಮಾಡಿಕೊಟ್ರ, ಅದಕ್ಕೂ ಬೆಲಿ ಇಲ್ಲ ಅಂತ ನಾವ ಮೊದ್ಲು ಅಂತೀವಿ. ಗಂಡಸರು ನಮಗ "ಮನ್ಯಾಗ ಕುಂತು ಏನ ಮಾಡ್ತಿ" ಅಂದ್ರ ಸಿಟ್ಟು ಬರತದ. "ಬರೇ ಹೊಲಿಯಾಕ 1500 ಏನ" ಅಂತ ನಾ ಅಂದೆನಲ್ಲ, ಅದೂ ಅದ ಮಾತ.

ಬೆಲಿ ಸಿಕ್ಕ ಕಡಿ ಹೆಂಗ ಆಗ್ತದ ಅಂತ ನೋಡಾಕ ದೂರ ಹೋಗೋದು ಬ್ಯಾಡ, ನಮ್ಮ ಜಿಲ್ಲಾದಾಗ ಸಂಡೂರು ಐತಿ. ಅಲ್ಲಿನ ತಾಂಡಾದ ಲಂಬಾಣಿ ಹೆಣ್ಮಕ್ಕಳು ತಮ್ಮ ಲಂಗ, ಕುಬಸ, ಮುಸುಕಿಗೆ ತಾವ ಕಸೂತಿ ಹಾಕ್ಕೋತಿದ್ರು, ಕನ್ನಡಿ, ಕವಡಿ, ನಾಣ್ಯ ಕೂಡಿಸಿ. ಅದೂ ನಮ್ಮ ಕೌದಿಯಂಗ ಮನೀ ಕೆಲಸನ. 1980ರ ದಶಕದಾಗ ಸಂಡೂರು ಕುಶಲ ಕಲಾ ಕೇಂದ್ರ ಶುರು ಆದ ಮ್ಯಾಲ ಅದ ಕೈಯಿಂದ ಚೀಲ, ದಿಂಬಿನ ಚೀಲ, ದುಪಟ್ಟಾ, ಸೀರಿ ಹೊರಗ ಬಂದ್ವು. 2010ರಾಗ ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್, ಅಂದ್ರ ಇದು ಈ ಊರಿನ ಕಸುಬು ಅನ್ನೋ ಕಾನೂನಿನ ಗುರುತು ಸಿಕ್ಕಿತು. 2023ರ ಜುಲೈದಾಗ ಹಂಪಿಯಾಗ ಜಿ-20 ಸಂಸ್ಕೃತಿ ಗುಂಪಿನ ಸಭೆ ನಡದಾಗ, 450ಕ್ಕಿಂತ ಹೆಚ್ಚು ಲಂಬಾಣಿ ಹೆಣ್ಮಕ್ಕಳು ಹೊಲಿದ 1755 ಸಾಮಾನು ಒಂದ ಕಡಿ ಇಟ್ಟು ಗಿನ್ನೆಸ್ ದಾಖಲೆ ಮಾಡಿದ್ರು. ಪೇಪರಿನಾಗ ನೋಡಿ ನಾವೆಲ್ಲ "ನಮ್ಮ ಸಂಡೂರು" ಅಂತ ವಾಟ್ಸಾಪಿನಾಗ ಹಾಕಿದ್ದು ನೆನಪೈತೇನು?

ಸಂಡೂರಿನ ಸೂಜಿನೂ ಸಿರುಗುಪ್ಪದ ಸೂಜಿನೂ ಒಂದ. ಒಂದಕ್ಕ ಹೆಸರೈತಿ, ಬೆಲಿ ಚೀಟಿ ಐತಿ. ಇನ್ನೊಂದಕ್ಕ ಇಲ್ಲ. ಅಲ್ಲಿ ಹೊಲಿಗಿಗೂ ಒಂದೊಂದು ಹೆಸರು, ಕಿಲನ್, ವೇಲೆ, ಬಕ್ಕ್ಯ, ಮಾಕಿ, ನಕ್ರ ಅಂತ. ಹೆಸರಿದ್ದ ಕೆಲಸಕ್ಕ ಯಾರೂ "ಬರೇ ಹೊಲಿಯಾಕ" ಅನ್ನಂಗಿಲ್ಲ.

ಆದ್ರ ಟ್ಯಾಗ್ ಬಂತಂದ್ರ ಎಲ್ಲಾ ಸರಿ ಹೋತು ಅನಕೋಬ್ಯಾಡ್ರಿ. ಈಗ ಎಲ್ಲಿ ನೋಡಿದ್ರೂ "ಲಂಬಾಣಿ ಡಿಸೈನ್" ಅಂತ ಪ್ರಿಂಟ್ ಹೊಡದಿದ್ದು, ಮಷೀನಿನಾಗ ತೆಗದಿದ್ದು ಮಾರಾಟಕ್ಕ ಇರತಾವ. ಅಗ್ಗ ಇರತಾವ, ಬೇಕಾದ್ರ ತಗೋರಿ, ನಾ ಬ್ಯಾಡ ಅನ್ನಂಗಿಲ್ಲ. ಕೈ ಕೆಲಸ ಅಂತ ಹೇಳಿ ಕೈ ಕೆಲಸದ ರೊಕ್ಕ ತಗೊಂಡ್ರ ಮಾತ್ರ ಮೋಸ ಹೋಗಬ್ಯಾಡ್ರಿ. ಬಟ್ಟಿ ತಿರುವಿ ಹಾಕಿ ನೋಡ್ರಿ. ಕೈಯಾಗ ಹೊಲಿದಿದ್ರ ಹಿಂದಿನ ಕಡಿ ದಾರದ ಗಂಟು ಕಾಣತಾವ, ಒಂದು ಹೊಲಿಗಿ ಸಣ್ಣದು, ಒಂದು ಉದ್ದ. ಮಷೀನಿಂದಾದ್ರ ಹಿಂದ ಒಂದ ಬಣ್ಣದ ದಾರ ಸಾಲಾಗಿ ಇರತದ, ಎಷ್ಟೋ ಸಲ ಕಾಗದದಂಥ ಪದರೂ ಅಂಟಿರತದ. ಕನ್ನಡಿನ ಉಗುರಿಲೆ ಮುಟ್ಟಿ ನೋಡ್ರಿ, ಸುತ್ತ ದಾರದಿಂದ ಹಿಡದಿರಬೇಕು, ಗೋಂದಿನಿಂದಲ್ಲ. ಕೌದಿಗೂ ಇದ ಪರೀಕ್ಷಿ.

ನೀವು ಕೇಳೋದು ನನಗ ಗೊತ್ತೈತಿ. "ನಮಗೇನು ರೊಕ್ಕ ಗಿಡದಾಗ ಬಿಡ್ತಾವೇನು? ಗ್ಯಾಸು, ಫೀಸು, ಬಾಡಿಗಿ ಮುಗಿಸಿ ಉಳಿಯೋದ್ರಾಗ ದಾನ ಮಾಡಂತಿ." ದಾನ ಮಾಡ್ರಿ ಅಂತ ನಾ ಹೇಳಂಗಿಲ್ಲ. ಕನಿಕರ ಪಟ್ಟು ಹಾಳ ಹೊಲಿಗಿದು ತಗೊಂಡ್ರ ಹೊಲಿಯಾಕಿಗೂ ಮರ್ಯಾದಿ ಅಲ್ಲ, ನಿಮಗೂ ಅಲ್ಲ. ಹೊಲಿಗಿ ಸಡಿಲ ಇದ್ರ ಬಿಚ್ಚಿ ಹೊಲಿ ಅನ್ರಿ. ರೊಕ್ಕ ಕಮ್ಮಿ ಇದ್ರ ಸಣ್ಣ ಕೌದಿ ಹೊಲಸ್ರಿ, ಕೂಸಿನ ತೊಟ್ಟಿಲಿಗೆ ಆಗೋವಷ್ಟು. ಇಲ್ಲಾ ಈ ವರ್ಷ ಬ್ಯಾಡ, ಮುಂದಿನ ವರ್ಷ ಹೊಲಸ್ರಿ. ಹೊಲಿಸಿದ್ರ ಮಾತ್ರ ಆಕಿ ದಿನದ ಲೆಕ್ಕ ಕೇಳಿ ಕೊಡ್ರಿ. "ಎಷ್ಟಕ್ಕ ಮಾಡ್ತಿ" ಅನ್ನೋಕ್ಕಿಂತ ಮೊದ್ಲು "ಎಷ್ಟ ದಿನ ಹಿಡೀತದ" ಅಂತ ಕೇಳಿದ್ರ ಸಾಕು. ಉತ್ತರ ಕೇಳಿದ ಮ್ಯಾಲ ಚೌಕಾಸಿ ಮಾಡಾಕ ಬಾಯಿ ಬರಂಗಿಲ್ಲ, ನೋಡ್ರಿ ಬೇಕಾದ್ರ. ಮತ್ತ ಒಂದು ಮಾತು: ಮುಂಗಡ ಕೊಡ್ರಿ. "ನಾಳೇನ ಬೇಕು" ಅಂತ ಅವಸರ ಮಾಡಬ್ಯಾಡ್ರಿ. ಸಸಿ ಹಚ್ಚೋ ಕಾಲದಾಗ ಆಕಿ ಗದ್ದಿಗೆ ಹೋಗ್ಲೇಬೇಕು.

ಬಳ್ಳಾರಿಯವರಿಗಂತೂ ಇದನ್ನ ಜಾಸ್ತಿ ಹೇಳೋದು ಬ್ಯಾಡ. ನಮ್ಮೂರ ಜೀನ್ಸ್ ದೇಶದಾಗೆಲ್ಲಾ ಹೋಗ್ತಾವ. ಅದ್ರ ದಾರ ಕತ್ರಸೋದು, ಗುಂಡಿ ಹಚ್ಚೋದು ಎಷ್ಟೋ ಮನೀ ಪಡಸಾಲ್ಯಾಗ ನಡೀತದ, ಪೀಸಿನ ಲೆಕ್ಕಕ್ಕ. ಇದನ್ನ ಓದೋರಾಗೂ ಆ ಕೆಲಸ ಮಾಡಿದವ್ರು ಅದೀರಿ. ಪೀಸಿಗೆ ನಾಕಾಣೆ ಇಳಿಸಿದ್ರ ಹೆಂಗ ಅನಸ್ತದ ಅಂತ ನನಗಿಂತ ನಿಮಗ ಚೊಲೋ ಗೊತ್ತು.

ಇನ್ನ ನನ್ನ 600 ರೂಪಾಯಿ ಕಥಿ. ಮರುವಾರ ಸಿರುಗುಪ್ಪಕ್ಕ ಹೋಗಿ ಕೊಡಾಕ ಹೋದೆ. ಆಕಿ ತಗೊಳ್ಳಲಿಲ್ಲ. "ಮಾತು ಆಡಿದ್ದು ಆಡಿದ್ದ, ಅಕ್ಕಾರ. ಈಗ ಕೊಟ್ರ ಭಿಕ್ಷಾ ಕೊಟ್ಟಂಗ ಆಗ್ತದ. ಇನ್ನೊಂದು ಹೊಲಸೋದಿದ್ರ ತರ್ರಿ, ಅವಾಗ ನಾ ಹೇಳಿದ್ದು ಕೊಡ್ರಿ" ಅಂದ್ಲು. ನಾ ತೆಪ್ಪಗ ಬಂದೆ. ಒಂದ ತಿಂಗಳು ಆದ ಮ್ಯಾಲ ಮಗನ ಹಳೇ ಜೀನ್ಸು, ನಮ್ಮ ಅತ್ತಿಗೆಮ್ಮನ ಸೀರಿ ಎಲ್ಲಾ ಕೂಡಿಸಿ ಒಯ್ದೆ. ಜೀನ್ಸ್ ನೋಡಿ ನಕ್ಕು ಪಕ್ಕಕ್ಕ ಇಟ್ಲು, "ಇದಕ್ಕ ನನ್ನ ಸೂಜಿ ಇಳಿಯಂಗಿಲ್ಲ, ನಿಮ್ಮ ಬಳ್ಳಾರಿ ಮಷೀನಿಗೆ ಕೊಡ್ರಿ" ಅಂದು. ಸೀರಿ ಎಣಿಸಿ 2000 ಅಂದ್ಲು. 500 ಜಾಸ್ತಿ ಆತಲ್ಲ ಅಂತ ಬಾಯಿ ತನಕ ಬಂತು. ಹಳೇ ಚಟ, ಎಲ್ಲಿ ಹೋಗ್ತದ? ನುಂಗಿಕೊಂಡು "ಆತು" ಅಂದೆ.

ಅವ್ವನ ಕೌದಿ ಈಗ ನನ್ನ ಮಂಚದ ಮ್ಯಾಲ ಐತಿ. ರಾತ್ರಿ ಕರೆಂಟ್ ಹೋದಾಗ ಕೈ ಆಡಿಸ್ತೀನಿ, ನಡುವ ಸೆರಗು ಸಿಗತದ. ಫೋನಿನಾಗ "ಕೌದಿ ಸಿರುಗುಪ್ಪ" ಅಳಿಸಿ ಆಕಿ ಹೆಸರು, ಆಕಿ ಅಪ್ಪನ ಮನಿ ಹೆಸರು ಎರಡೂ ಹಾಕೀನಿ. ಇಲ್ಲಿ ಬರಿಯಾಕ ಆಕಿ ಬ್ಯಾಡ ಅಂದಾಳ. ಕೌದಿ ಹೊಲಸೋರು ನನ್ನ ಕೇಳ್ರಿ, ಹೇಳ್ತೀನಿ. ಆದ್ರ ಚೌಕಾಸಿ ಮಾಡಂಗಿದ್ರ ಕೇಳಬ್ಯಾಡ್ರಿ, ನಾ ಕೊಡಂಗಿಲ್ಲ.