ವಿಳಾಸ ಬೇಡಬೇಕೋ, ತಾನೇ ಕಟ್ಟಿಕೊಳ್ಳಬೇಕೋ?

ವಿದ್ಯಾರ್ಥಿಗಳೇ, ಯಲ್ಲಮ್ಮನ ಜಾತ್ರೆಯಲ್ಲಿ ಅಂಗಡಿ ಹಚ್ಚಬೇಕು ಅಂತ ಇಟ್ಟುಕೊಳ್ಳಿ. ಎರಡು ದಾರಿ ಇರಬಹುದು. ಕಮಿಟಿಯವರಿಂದ ಜಾಗದ ನಂಬರ್ ಪಡೆಯುವುದು ಒಂದು. ಖಾಲಿ ಜಾಗದಲ್ಲಿ ನಿಂತು “ಇಲ್ಲಿ ಯಾರರ ಅದಾರೇನ್ರೀ?” ಎಂದು ಕೂಗಿ, ಯಾರೂ ಓ ಅನ್ನದಿದ್ದರೆ ಗೂಟ ಬಡಿಯುವುದು ಇನ್ನೊಂದು.

ವೈಫೈಗೆ ಸೇರುವ ಫೋನು, ಕಂಪ್ಯೂಟರುಗಳಿಗೂ ಹೀಗೇ ವಿಳಾಸ ಬೇಕು. ಮೊದಲನೆಯ ದಾರಿಯ ಹೆಸರು ಡಿಎಚ್‌ಸಿಪಿ, 1993ರಲ್ಲಿ ಬಂತು. ಕೇಳಿದವರಿಗೆ ಸರ್ವರ್ ಇಂತಿಷ್ಟು ಹೊತ್ತಿಗೆಂದು ವಿಳಾಸ ಕೊಟ್ಟು, ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಳೆಯ ಐಪಿವಿ4 ವಿಳಾಸ 32 ಬಿಟ್ಟಿನದು, ಒಟ್ಟು ಸುಮಾರು 430 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಮುಗಿಯಿತು.

ಹೊಸ ಐಪಿವಿ6 ವಿಳಾಸ 128 ಬಿಟ್ಟಿನದು. ಇಲ್ಲಿ ಎರಡನೆಯ ದಾರಿಯೂ ಉಂಟು: ಸ್ಲಾಕ್. ರೌಟರ್ ಮೊದಲ 64 ಬಿಟ್ ಸಾರುತ್ತದೆ. ಉಳಿದ 64 ಬಿಟ್ಟನ್ನು ಸಾಧನ ತಾನೇ ಕಟ್ಟಿಕೊಂಡು, ಬೇರೆ ಯಾರಿಗಾದರೂ ಅದೇ ಇದೆಯೇ ಎಂದು ಕೇಳಿ ಬಳಸುತ್ತದೆ.

“ಶಾಲೆಗೆ ಪಟ್ಟಿ ಬೇಕ್ರೀ, ಐಪಿವಿ6ಗೂ ಡಿಎಚ್‌ಸಿಪಿಯೇ ಇರಲಿ, ಸ್ಲಾಕ್ ಬಂದ್ ಮಾಡಿ” ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಂಡ್ರಾಯ್ಡ್ ಫೋನುಗಳು ತಮ್ಮ ಐಪಿವಿ6 ವಿಳಾಸಕ್ಕೆ ಹೆಚ್ಚಾಗಿ ನೆಚ್ಚಿರುವುದು ಸ್ಲಾಕನ್ನು. ನಮ್ಮ ಜತ್ತ ತಾಲೂಕಿನ ಹಳ್ಳಿಯಲ್ಲಿ ಅಪ್ಪನ ಫೋನಿನಲ್ಲೇ ಓದುವ ಮಗುವನ್ನು ಹೊರಗಿಟ್ಟು ಪಟ್ಟಿ ಬರೆದರೆ ಏನು ಬಂತು? ಅಲ್ಲದೆ ಪಟ್ಟಿ ತೋರಿಸುವುದು ಯಾವ ಸಾಧನ ಎಂದು. ಯಾವ ಮಗು ಎಂದು ಅಲ್ಲ.

ಸ್ಲಾಕಿಗೂ ಕೊರತೆ ಇತ್ತು. ಮೊದಲು ವಿಳಾಸದ ಕೊನೆಯ ಅರ್ಧ ಯಂತ್ರದ ಖಾಯಂ ನಂಬರಿನಿಂದಲೇ ಹುಟ್ಟುತ್ತಿತ್ತು. ಎಲ್ಲಿಗೆ ಹೋದರೂ ಗುರುತು ಸಿಗುತ್ತಿತ್ತು. ಈಗಿನ ಫೋನುಗಳು ಆಗಾಗ ಬದಲಾಗುವ ತಾತ್ಕಾಲಿಕ ವಿಳಾಸ ಬಳಸುತ್ತವೆ. ಮಕ್ಕಳ ಖಾಸಗಿತನಕ್ಕೆ ಇದು ಒಳ್ಳೆಯದೇ.

ಹಾಗಂತ ಡಿಎಚ್‌ಸಿಪಿ ಬೇಡವೆಂದಲ್ಲ. ಐಪಿವಿ4 ಇರುವ ತನಕ ಅದು ಬೇಕೇ ಬೇಕು. ಪ್ರಿಂಟರಿನಂಥ ಕದಲದ ಸಾಧನಕ್ಕೆ ಅದರಲ್ಲೇ ಒಂದು ನಂಬರ್ ಕಾಯ್ದಿರಿಸಬಹುದು. ಎರಡೂ ಜೋಡಿಯಾಗಿ ನಡೆಯಲಿ ಎಂಬುದೇ ನನ್ನ ಮಾತು.

ಒಂದು ಗುರುತು ನೆನಪಿಡಿ: ಲ್ಯಾಬಿನ ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾದರೆ ಡಿಎಚ್‌ಸಿಪಿ ಉತ್ತರ ಅದಕ್ಕೆ ಮುಟ್ಟಿಲ್ಲ ಎಂದರ್ಥ. ಕಂಪ್ಯೂಟರನ್ನು ಬೈಯಬೇಡಿ, ಮೊದಲು ವೈರು, ರೌಟರ್ ನೋಡಿ. ಇವತ್ತೇ ಮನೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ ಹುಡುಕಿ. ಚುಕ್ಕೆ ಇದ್ದದ್ದು ಐಪಿವಿ4, ಎರಡು ಚುಕ್ಕೆ ಒಂದರ ಮೇಲೊಂದು ಇದ್ದದ್ದು ಐಪಿವಿ6. ಬರೆದಿಟ್ಟು, ನಾಳೆ ಮತ್ತೆ ನೋಡಿ. ಯಾವುದು ಬದಲಾಯಿತು? ಯಾಕೆ?