ಗಣಕಯಂತ್ರದ ಕಾಯಕಕ್ಕೆ ಹೊಸ ಹಾದಿ



ಕಳೆದ ತಿಂಗಳು ಭಾಲ್ಕಿ ತಾಲ್ಲೂಕಿನ ಹಿರಿಯರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಕೈಯಲ್ಲಿ ಹೊಲದ ಪಹಣಿ, ಮುಖದಲ್ಲಿ ಚಿಂತೆ. ಕುಳಿತು ನೀರು ಕುಡಿದ ಮೇಲೆ ಕೇಳಿದರು: “ಎರಡು ಎಕರೆ ಮಾರಿ ಮಗನಿಗೆ ಹೈದರಾಬಾದಿನಾಗ ಕ್ಲೌಡ್ ಕೋರ್ಸ್ ಕೊಡಸ್ಬೇಕಂತ ಮಾಡೀನ್ರಿ. ಮಾರ್ಲೋ ಬ್ಯಾಡೋ, ನೀವೇ ಹೇಳ್ರಿ.”

ಅವರ ಮಗನಿಗೆ ಈಗ ನಲವತ್ತೆರಡು ವರ್ಷ. ಬೀದರಿನಲ್ಲಿ ಇಂಜಿನಿಯರಿಂಗ್ ಓದಿದವರು. ವಿಷುವಲ್ ಬೇಸಿಕ್ ಎಂಬ ಭಾಷೆಯಲ್ಲಿ ಲೆಕ್ಕಪತ್ರದ ತಂತ್ರಾಂಶ ಬರೆದು ಬೀದರ, ಭಾಲ್ಕಿ, ಔರಾದಿನ ಅಂಗಡಿಗಳಿಗೆ ಕೊಟ್ಟು ಸಂಸಾರ ಸಾಗಿಸಿದವರು. ಅಡತ ಅಂಗಡಿಯ ಹಮಾಲಿ, ತೂಕ, ದಲಾಲಿಯ ಲೆಕ್ಕ ಅವರಿಗೆ ಕರತಲಾಮಲಕ. ಆದರೆ 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಕಿರಾಣಿ, ಬಟ್ಟೆ ಅಂಗಡಿಗಳ ಬಿಲ್ಲಿನ ರೂಪವೇ ಬದಲಾಯಿತು. ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಒಂದೊಂದೇ ಅಂಗಡಿಗೆ ಮೋಟಾರ್ ಸೈಕಲ್ ಮೇಲೆ ತಿರುಗಿ ತಿದ್ದಿ ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಔರಾದಿನಲ್ಲಿ ಬಿತ್ತು. ಒಂದು ಅಂಗಡಿಯ ಗಣಕಯಂತ್ರದ ಡಿಸ್ಕ್ ಕೆಟ್ಟು ಒಂದು ಸುಗ್ಗಿಯ ಲೆಕ್ಕವೆಲ್ಲ ಅಳಿದುಹೋಯಿತು. ಸಾವುಕಾರರು ಬೈಯಲಿಲ್ಲ. “ಇನ್ನೊಂದ್ ಕಡಿ ಎಲ್ಲಿ ಬರ್ದಿಟ್ಟೀರಿ?” ಎಂದಷ್ಟೇ ಕೇಳಿದರು. ಉತ್ತರವಿರಲಿಲ್ಲ. ಆ ಪ್ರಶ್ನೆ ಈಗಲೂ ನಿದ್ದೆಗೆಡಿಸುತ್ತದೆ ಎಂದು ಮಗನೇ ನಮ್ಮ ಮುಂದೆ ಹೇಳಿಕೊಂಡರು.

‘ಕ್ಲೌಡ್’ ಎಂದರೆ ಮೋಡ. ಹೆಸರು ಆಕಾಶದ್ದಾದರೂ ವಸ್ತು ನೆಲದ್ದೇ. ಸಾವಿರಾರು ಗಣಕಯಂತ್ರಗಳನ್ನು ದೊಡ್ಡ ಕಟ್ಟಡಗಳಲ್ಲಿರಿಸಿ, ಬೇಕಾದವರಿಗೆ ಬೇಕಾದಷ್ಟು ಹೊತ್ತು ಬಾಡಿಗೆಗೆ ಕೊಡುವ ವ್ಯವಸ್ಥೆ ಅದು. ಅಮೆಜಾನ್ ಕಂಪನಿ 2006ರಲ್ಲಿ ಇದನ್ನು ವ್ಯಾಪಾರವಾಗಿ ಆರಂಭಿಸಿತು. 2016ರಲ್ಲಿ ಮುಂಬಯಿಯಲ್ಲೂ 2022ರಲ್ಲಿ ನಮಗೆ ಹತ್ತಿರದ ಹೈದರಾಬಾದಿನಲ್ಲೂ ಅಂಥ ಕೇಂದ್ರಗಳನ್ನು ತೆರೆಯಿತು. ಬೀದರಿನವರಿಗೆ ಇದು ತಿಳಿಯದ ಮಾತಲ್ಲ. ಬಹಮನಿಗಳ ಕಾಲದ ನಮ್ಮ ಸುರಂಗ ಬಾವಿಯನ್ನು ನೆನೆಯಿರಿ. ನೀರಿನ ಮೂಲ ಎಲ್ಲೋ ಇದೆ, ನೆಲದೊಳಗೆ ಹರಿದು ಬರುತ್ತದೆ, ಸೇದುವವರು ಹಲವರು. ಮೂಲವನ್ನು ಕಾಣದಿದ್ದರೂ ಕೊಡ ತುಂಬುತ್ತದೆ.

ಹಿರಿಯರು ಕೈಯಲ್ಲಿ ಹಿಡಿದಿದ್ದ ಪಹಣಿಯ ಕಥೆಯೂ ಇದೇ. ‘ಭೂಮಿ’ ಯೋಜನೆ 2001ರ ಹೊತ್ತಿಗೆ ರಾಜ್ಯವನ್ನೆಲ್ಲ ವ್ಯಾಪಿಸಿದಾಗ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿತ್ತು. ಔರಾದಿನ ಪಹಣಿಗೆ ಔರಾದಿಗೇ ಹೋಗಬೇಕಿತ್ತು. ಮುಂದೆ ದಾಖಲೆಗಳನ್ನೆಲ್ಲ ಒಂದು ಕೇಂದ್ರಕ್ಕೆ ಒಯ್ದ ಮೇಲೆ ಮನೆಯಲ್ಲೇ ಕುಳಿತು ಪಡೆಯುವಂತಾಯಿತು. ಮಗನು ತನ್ನ ತಂತ್ರಾಂಶವನ್ನು ಒಯ್ಯಬೇಕಾಗಿರುವುದೂ ಇದೇ ದಾರಿಯಲ್ಲಿ. ತೆರಿಗೆಯ ನಿಯಮ ಬದಲಾದರೆ ಆಗ ತಿದ್ದುವ ಜಾಗ ಒಂದೇ.

ಆದರೆ ಲಾಭವನ್ನಷ್ಟೇ ಹೇಳಿ ಸುಮ್ಮನಾಗುವುದು ಸರಿಯಲ್ಲ. ಮೂಲದಲ್ಲಿ ಕಲ್ಲು ಬಿದ್ದರೆ ಎಲ್ಲ ಬಾವಿಗಳೂ ಬತ್ತುತ್ತವೆ. ನೋಂದಣಿ ಇಲಾಖೆಯ ‘ಕಾವೇರಿ 2.0’ ತಂತ್ರಾಂಶದ ಮೇಲೆ 2025ರ ಜನವರಿಯಲ್ಲಿ ದುಷ್ಕರ್ಮಿಗಳು ಹುಸಿ ಕೋರಿಕೆಗಳ ಮಳೆಯನ್ನೇ ಸುರಿಸಿದಾಗ ತೊಂದರೆಯಾದದ್ದು ಒಂದು ಊರಿಗಲ್ಲ, ಇಡೀ ರಾಜ್ಯಕ್ಕೆ.

ಹಾಗಾದರೆ ಕಲಿಯಬೇಕಾದುದೇನು? ಮೊದಲು ಮನೋಭಾವ ಬದಲಾಗಬೇಕು. ಅಂಗಡಿಯ ಗಣಕಯಂತ್ರದಲ್ಲಿ ತಂತ್ರಾಂಶ, ಲೆಕ್ಕ, ಬಳಸುವವರು ಎಲ್ಲ ಒಂದೇ ಕೋಣೆಯಲ್ಲಿರುತ್ತಾರೆ. ಕ್ಲೌಡ್‌ನಲ್ಲಿ ನಡುವೆ ನೂರಾರು ಕಿಲೋಮೀಟರ್ ದಾರಿಯಿದೆ. ಔರಾದಿನಲ್ಲಿ ಬಿಲ್ಲಿನ ಗುಂಡಿ ಒತ್ತಿದ ಕ್ಷಣವೇ ಲೈನ್ ಹೋಯಿತೆನ್ನಿ. ಬಿಲ್ಲು ಮುಟ್ಟಿತೋ ಇಲ್ಲವೋ ತಿಳಿಯದೆ ಹುಡುಗ ಮತ್ತೆ ಒತ್ತುತ್ತಾನೆ. ಒಂದೇ ಮಾಲಿಗೆ ಎರಡು ಲೆಕ್ಕ! ಆದ್ದರಿಂದ ಪ್ರತಿಯೊಂದು ಬಿಲ್ಲಿಗೂ ಹೊರಡುವಾಗಲೇ ತನ್ನದೇ ಗುರುತಿನ ಸಂಖ್ಯೆ ಇರಬೇಕು. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಅದನ್ನು ಬರೆದುಕೊಳ್ಳಬಾರದು. ಲೈನ್ ಇಲ್ಲದಾಗ ಬಿಲ್ಲುಗಳು ಅಂಗಡಿಯಲ್ಲೇ ನಿಂತು, ಬಂದಾಗ ತಾವಾಗಿ ಹೋಗುವಂತಿರಬೇಕು. ಕೆಡುಕು ನಿತ್ಯವೂ ಆಗುವುದೆಂದೇ ತಿಳಿದು ಬರೆಯುವುದು ಈ ವಿದ್ಯೆಯ ತಿರುಳು.

ಕಲಿಕೆಯ ಕ್ರಮವೂ ಮುಖ್ಯ. ಲಿನಕ್ಸ್, ನೆಟ್‌ವರ್ಕ್, ವೆಬ್ ಕೆಲಸಮಾಡುವ ರೀತಿ ಮೊದಲು. ಬರೆದುದರ ಹಿಂದಿನ ರೂಪಗಳನ್ನು ಕಾಪಾಡುವ ಗಿಟ್ ಜೊತೆಗೇ. ಆಮೇಲೆ ಯಾವುದಾದರೂ ಒಂದು ಕಂಪನಿಯ ಕ್ಲೌಡ್. ಕಂಟೇನರ್ ಮುಂತಾದವು ಕೊನೆಗೆ. ಡೇಟಾಬೇಸಿನ ಎಸ್‌ಕ್ಯೂಎಲ್ ಅವರಿಗೆ ಆಗಲೇ ಬರುತ್ತದೆ. ಅದು ಇಲ್ಲಿಯೂ ಹಾಗೆಯೇ ನಡೆಯುತ್ತದೆ. ವಿಷುವಲ್ ಬೇಸಿಕ್ 6ರ ಸಾಧನಕ್ಕೆ ಮೈಕ್ರೋಸಾಫ್ಟ್ 2008ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿದೆ. ಹಳೆಯ ತಂತ್ರಾಂಶಗಳು ಇನ್ನೂ ಓಡುತ್ತಿವೆಯೆಂಬುದು ನಿಜ. ಆದರೆ ಓಡುತ್ತಿದೆಯೆಂದು ಹಳೆಯ ಎತ್ತನ್ನೇ ನಂಬಿ ಬಿತ್ತನೆ ಮುಂದೂಡಲಾಗದು.

ಎರಡು ಎಚ್ಚರಿಕೆಗಳುಂಟು. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುತ್ತದೆ. ಅಭ್ಯಾಸಕ್ಕೆಂದು ತೆರೆದ ಯಂತ್ರವನ್ನು ಮುಚ್ಚದೆ ಮಲಗಿದರೆ ಹೊಲದ ಪಂಪು ಬಂದ್ ಮಾಡದೆ ಬಂದಂತೆ. ಖರ್ಚು ಇಷ್ಟು ದಾಟಿದರೆ ತಿಳಿಸಬೇಕೆಂಬ ಸೂಚನೆಯನ್ನು ಮೊದಲ ದಿನವೇ ಇಡಬೇಕು. ಇನ್ನೊಂದು, ಪಾಸ್‌ವರ್ಡುಗಳನ್ನು ತಂತ್ರಾಂಶದೊಳಗೆ ಬರೆದಿಡುವ ಹಳೆಯ ರೂಢಿಯನ್ನು ಬಿಡಬೇಕು; ಅದು ತಿಜೋರಿಯ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದಂತೆ.

ಇನ್ನು ಹೊಲದ ಪ್ರಶ್ನೆ. ಮಾರಬೇಡಿರೆಂದು ನಾವು ನೇರವಾಗಿಯೇ ಹೇಳಿದೆವು. ಎನ್‌ಪಿಟಿಇಎಲ್ ಮೂಲಕ ಐಐಟಿ ಗುರುಗಳ ಪಾಠಗಳು ಉಚಿತವಾಗಿ ದೊರೆಯುತ್ತವೆ. ಪರೀಕ್ಷೆ ಬರೆಯುವವರಷ್ಟೇ ಶುಲ್ಕ ಕಟ್ಟಬೇಕು. ಕ್ಲೌಡ್ ಕಂಪನಿಗಳೂ ಉಚಿತ ಪಾಠಗಳನ್ನಿಟ್ಟಿವೆ. ನಲವತ್ತೆರಡರ ವಯಸ್ಸಿನವರು ಪ್ರಮಾಣಪತ್ರವೊಂದನ್ನೇ ಹಿಡಿದು ಇಪ್ಪತ್ತೆರಡರ ಹುಡುಗರ ಸಾಲಿನಲ್ಲಿ ನಿಂತರೆ ಗೆಲ್ಲುವುದು ಕಷ್ಟ. ಅವರ ಬಂಡವಾಳವೇ ಬೇರೆ. ಅಡತ ಅಂಗಡಿಯ ಲೆಕ್ಕ ಎಲ್ಲಿ ತಪ್ಪುತ್ತದೆಂಬುದು ಆ ಹುಡುಗರಿಗೆ ತಿಳಿಯದು, ಇವರಿಗೆ ತಿಳಿದಿದೆ. ದಿನಕ್ಕೆ ಎರಡು ತಾಸು ಓದಲಿ. ಒಪ್ಪಿದ ಒಂದೇ ಅಂಗಡಿಯ ಲೆಕ್ಕವನ್ನು, ಹಳೆಯದನ್ನು ನಿಲ್ಲಿಸದೆ, ಆರು ತಿಂಗಳು ಕ್ಲೌಡ್‌ನಲ್ಲೂ ನಡೆಸಿ ಎರಡನ್ನೂ ತಾಳೆ ನೋಡಲಿ. ಅದು ನಿಂತರೆ ಅದೇ ಅವರ ಪ್ರಮಾಣಪತ್ರ. ಆ ಎರಡು ತಾಸು ಮನೆಯವರು ಅವರನ್ನು ಬೇರೆ ಕೆಲಸಕ್ಕೆ ಕರೆಯದಿರಲಿ. ಇದು ಮನೆಮಂದಿಯೆಲ್ಲ ಸೇರಿ ಕೊಡಬೇಕಾದ ಬಲ.

ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮ್ಮ ಮನೆಮನೆಯ ಮಾತು. ಫಲಕ ಕಾಲಕ್ಕೆ ತಕ್ಕಂತೆ ಬದಲಾಗಬಹುದು, ಒಳಗಿನ ಪಾಠ ಬದಲಾಗಬಾರದು. ಗಣಕಯಂತ್ರದ ಕಾಯಕಕ್ಕೂ ಈ ಮಾತು ಸಲ್ಲುತ್ತದೆ. ನಂಬಿದವರ ಲೆಕ್ಕವನ್ನು ಕೆಡದಂತೆ ಕಾಯುವುದೇ ಅದರ ಒಳಪಾಠ.

ಹಿರಿಯರು ಪಹಣಿಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಎದ್ದರು. ಮಗನು ಔರಾದಿನ ಅದೇ ಅಂಗಡಿಯಿಂದ ಆರಂಭಿಸುವೆನೆಂದಿದ್ದಾರೆ. ಸಾವುಕಾರರೂ ಒಪ್ಪಿದ್ದಾರಂತೆ. ಈ ಸಲ ಅವರ ಪ್ರಶ್ನೆಗೆ ಉತ್ತರವಿರಲಿ ಎಂದು ನಾವು ಹಾರೈಸುತ್ತೇವೆ.