ಗ್ಯಾಸ್ಕೆಟ್: ಅಗ್ಗದ ಹಾಳೆಯ ದುಬಾರಿ ಲೆಕ್ಕ

2023ರ ಡಿಸೆಂಬರ್ 26ರ ನಡುರಾತ್ರಿ ಚೆನ್ನೈನ ಎಣ್ಣೂರಿನಲ್ಲಿ ಜನ ಮೂಗು ಮುಚ್ಚಿಕೊಂಡು ಮನೆ ಬಿಟ್ಟು ಓಡಿದರು. ಕೋರಮಂಡಲ್ ಇಂಟರ್‌ನ್ಯಾಷನಲ್ ರಸಗೊಬ್ಬರ ಕಾರ್ಖಾನೆಗೆ ಅಮೋನಿಯಾ ಸಾಗಿಸುವ ಸಮುದ್ರದಡಿಯ ಕೊಳವೆ ಸೋರಿ ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಅಂದು ಕೆಟ್ಟದ್ದು ಕೊಳವೆ. ಆದರೆ ಎಣ್ಣೂರು–ಮಣಲಿ ಪಟ್ಟಿಯ ಕಾರ್ಖಾನೆಗಳಲ್ಲಿ ಕೊಳವೆಗಿಂತ ದುರ್ಬಲವಾದ ಜಾಗಗಳು ಲೆಕ್ಕವಿಲ್ಲದಷ್ಟಿವೆ: ಕೊಳವೆಗೆ ಕೊಳವೆ ಸೇರುವ ಫ್ಲೇಂಜ್‌ಗಳು. ಅವುಗಳ ನಡುವೆ ಸೋರಿಕೆ ತಡೆಯಲು ಕೂತಿರುವುದು ಕೆಲವೇ ಮಿಲಿಮೀಟರ್ ದಪ್ಪದ ಗ್ಯಾಸ್ಕೆಟ್. ಸಣ್ಣ, ಮಧ್ಯಮ ಕಾರ್ಖಾನೆಗಳ ಸ್ಟೋರ್ಸ್ ಪಟ್ಟಿಯಲ್ಲಿ ಅದು ಗ್ರೀಸು, ಹತ್ತಿಬಟ್ಟೆಗಳ ಸಾಲಿನಲ್ಲಿ ಬರುತ್ತದೆ. ಯಾರ ದರ ಕಡಿಮೆಯೋ ಅವರದೇ ಮಾಲು.

ಕಡಿಮೆ ದರದ ಮಾಲು ಎಂದರೆ ಬಹಳ ಕಡೆ ಇಂದಿಗೂ ಕಲ್ನಾರಿನ ಶೀಟು, ಫಿಟ್ಟರ್‌ಗಳ ಬಾಯಲ್ಲಿ ‘ಸಿಎಎಫ್’. ಅದನ್ನು ಕತ್ತರಿಸುವ ರೀತಿ ನೋಡಬೇಕು. ಶೀಟನ್ನು ಫ್ಲೇಂಜಿನ ಮೇಲಿಟ್ಟು ಅಂಚಿನುದ್ದಕ್ಕೂ ಸುತ್ತಿಗೆಯಿಂದ ಟಕಟಕ ಬಡಿದರೆ ಆಕಾರ ತಾನಾಗಿ ಬಿಡಿಸಿಕೊಳ್ಳುತ್ತದೆ. ಬೋಲ್ಟಿನ ತೂತಿಗೆ ಪಂಚ್. ಶಟ್‌ಡೌನ್ ಸಮಯದಲ್ಲಿ ಕಚ್ಚಿಕೊಂಡ ಹಳೆಯ ಗ್ಯಾಸ್ಕೆಟನ್ನು ತಂತಿ ಬ್ರಷ್ಷಿನಿಂದ ಕೆರೆಯುತ್ತಾರೆ. ಎರಡೂ ಸಲ ಏಳುವ ಧೂಳು ಫಿಟ್ಟರನ ಎದೆಗೇ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಕಾಯ್ದಿಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಆದೇಶಿಸಿತ್ತು. ಗುತ್ತಿಗೆದಾರನ ಕೈಕೆಳಗೆ ಮೂರು ತಿಂಗಳಿಗೊಂದು ಕಾರ್ಖಾನೆ ಬದಲಿಸುವ ಫಿಟ್ಟರನ ದಾಖಲೆಯನ್ನು ಇಡುವವರು ಯಾರು? ನಮ್ಮಲ್ಲಿ ಕಲ್ನಾರು ಗಣಿಗಾರಿಕೆ ನಿಂತಿದೆ, ಆಮದು ನಿಂತಿಲ್ಲ. ನೆಲದಿಂದ ಅಗೆಯಲು ಅಪಾಯಕಾರಿಯಾದದ್ದು ಹಡಗಿನಲ್ಲಿ ಬಂದರೆ ನಿರುಪದ್ರವಿಯಾಗುತ್ತದೆಂಬ ಈ ತರ್ಕ ನನಗಂತೂ ಅರ್ಥವಾಗಿಲ್ಲ.

ಬದಲಿ ಇಲ್ಲವೆಂದಲ್ಲ. ಪದರ ಗ್ರಾಫೈಟನ್ನು ಆಮ್ಲದಲ್ಲಿ ನೆನೆಸಿ ಸುಮಾರು 1,000 ಡಿಗ್ರಿಗೆ ಒಮ್ಮೆಲೇ ಕಾಯಿಸಿದರೆ, ಪದರಗಳ ನಡುವೆ ಸಿಕ್ಕಿಕೊಂಡದ್ದು ಆವಿಯಾಗಿ ನುಗ್ಗಿ, ಬಾಣಲೆಯ ಭತ್ತದಂತೆ ಗ್ರಾಫೈಟ್ ಅರಳುತ್ತದೆ. ಆ ಅರಳನ್ನು ರೋಲರಿಗೆ ಕೊಟ್ಟರೆ ಯಾವ ಅಂಟೂ ಇಲ್ಲದೆ ಬಾಗುವ ಹಾಳೆಯಾಗುತ್ತದೆ. ರಬ್ಬರಿನ ಅಂಟಿಲ್ಲದ್ದರಿಂದ ಬಿಸಿಗೆ ಗಡುಸಾಗಿ ಬಿರಿಯುವ ಭಯವಿಲ್ಲ. 1960ರ ದಶಕದಲ್ಲಿ ಇದನ್ನು ರೂಪಿಸಿದ್ದು ಯೂನಿಯನ್ ಕಾರ್ಬೈಡ್. ಹೌದು, ಭೋಪಾಲದ ಅದೇ ಕಂಪನಿ.

ಗ್ರಾಫೈಟ್ ಸರ್ವರೋಗ ಮದ್ದೂ ಅಲ್ಲ. ಗಾಳಿ ತಗಲುವಲ್ಲಿ 450 ಡಿಗ್ರಿ ದಾಟಿದರೆ ನಿಧಾನವಾಗಿ ಸುಟ್ಟು ಸವೆಯುತ್ತದೆ. ಸಾಂದ್ರ ನೈಟ್ರಿಕ್ ಆಮ್ಲದ ಕೊಳವೆಗೆ ಟೆಫ್ಲಾನೇ ಬೇಕು. ಬರಿಯ ಹಾಳೆ ಉಗುರು ತಾಗಿದರೂ ಗೀರುವುದರಿಂದ ನಡುವೆ ಸ್ಟೀಲ್ ತಗಡು ಇಡುತ್ತಾರೆ. ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯದಿದ್ದರೆ ಎಂಥ ಗ್ಯಾಸ್ಕೆಟ್ಟೂ ಸೋರುತ್ತದೆ. ಆದ್ದರಿಂದಲೇ ಇದರ ಆಯ್ಕೆಯನ್ನು ಖರೀದಿ ಗುಮಾಸ್ತರಿಗೆ ಬಿಡುವಂತಿಲ್ಲ. ಒಳಗೆ ಹರಿಯುವುದೇನು, ಎಷ್ಟು ಬಿಸಿ, ಎಷ್ಟು ಒತ್ತಡ ಎಂದು ಬಲ್ಲ ಎಂಜಿನಿಯರ್ ಬರೆದುಕೊಡಬೇಕಾದ ಚೀಟಿ ಅದು.

ಎಣ್ಣೂರು ಸೋರಿಕೆಯ ಅದೇ ತಿಂಗಳು, ಡಿಸೆಂಬರ್ 1ರಿಂದ, ಚೀನಾ ಪದರ ಗ್ರಾಫೈಟ್ ಮತ್ತು ಅರಳಿಸುವ ಗ್ರಾಫೈಟಿನ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಪತ್ರಿಕೆಗಳು ಗ್ರಾಫೈಟ್ ಬೇಡುವ ಬ್ಯಾಟರಿಯ ಬಗ್ಗೆ ಬರೆದವು. ಗ್ಯಾಸ್ಕೆಟ್ಟಿನ ನೆನಪು ಯಾರಿಗೂ ಆಗಲಿಲ್ಲ. ತಮಿಳುನಾಡಿನ ಶಿವಗಂಗೆಯಲ್ಲೇ ಪದರ ಗ್ರಾಫೈಟಿನ ನಿಕ್ಷೇಪವಿದೆ. ಅಗೆಯುವುದು ಚೆನ್ನೈನಲ್ಲಿ ಪ್ರಧಾನ ಕಚೇರಿಯಿರುವ ಸರ್ಕಾರಿ ಸಂಸ್ಥೆ ಟ್ಯಾಮಿನ್. ಅದರ ಅದಿರಿಗೆ ಇಟ್ಟಿಗೆ, ಮೂಸೆಗಳಾಚೆ ಹೆಚ್ಚಿನ ಬೆಲೆ ತರುವ ಮಾರುಕಟ್ಟೆ ಮಣಲಿಯಲ್ಲೇ ಇದೆ.

ಅಮೆರಿಕ 2024ರ ಮಾರ್ಚಿನಲ್ಲಿ ಬಿಳಿ ಕಲ್ನಾರು ನಿಷೇಧಿಸಿದಾಗ ಹೆಚ್ಚಿನ ಶೀಟ್ ಗ್ಯಾಸ್ಕೆಟ್‌ಗಳಿಗೆ ಎರಡು ವರ್ಷದ ಗಡುವು ಕೊಟ್ಟಿತು. ಇಲ್ಲಿ ಕಾನೂನಿಗೆ ಕಾಯುವ ಮೊದಲೇ ಸರ್ಕಾರಿ ಸ್ವಾಮ್ಯದ ಕಾರ್ಖಾನೆಗಳು ತಮ್ಮ ಟೆಂಡರಿನಲ್ಲಿ ಎರಡು ಸಾಲು ಸೇರಿಸಬಹುದು: ಕಲ್ನಾರು ಇರಕೂಡದು, ಪ್ರತಿ ಕಂತಿನ ಮಾಲಿಗೂ ತಯಾರಕರ ಪರೀಕ್ಷಾ ಪತ್ರ ಇರಲೇಬೇಕು. ದೊಡ್ಡ ಗಿರಾಕಿ ಕೇಳಿದ್ದನ್ನೇ ಚೆನ್ನೈನ ಪ್ಯಾರೀಸ್ ಕಾರ್ನರಿನ ಅಂಗಡಿಗಳೂ ತಂದಿಡುತ್ತವೆ.